ಅಜ್ಜಿಯ ಹಾಳೆ ಟೊಪ್ಪಿ

ದಿಲ್‌ಸುಖ್‌ನಗರದ ಸಮಾರಂಭಗಳಲ್ಲಿ ಹಾಳೆ ತಟ್ಟೆ ಕಂಡರೆ ನನಗೆ ನೆನಪಾಗುವುದು ತೋಟಕ್ಕೆ ಹೊರಟ ಅಜ್ಜಿಯ ತಲೆಯ ಮೇಲಿನ ಟೊಪ್ಪಿ. ಯಂತ್ರ ಒತ್ತಿದ ತಟ್ಟೆ ಇತ್ತೀಚಿನದು. ಮಲೆನಾಡು, ಕರಾವಳಿ, ಕಾಸರಗೋಡಿನಲ್ಲಿ ಟೊಪ್ಪಿ ಅದಕ್ಕಿಂತ ಎಷ್ಟೋ ಹಳೆಯದು. ತುಳುವಿನಲ್ಲಿ ಅದು ಮುಟ್ಟಾಳೆ.

1931ರಲ್ಲಿ ಗಿಲ್ಗಿಟ್‌ನಲ್ಲಿ ಸಿಕ್ಕ ಬೌದ್ಧ ಹಸ್ತಪ್ರತಿಗಳು ಭೂರ್ಜದ ತೊಗಟೆಯವು. ಆ ತೊಗಟೆಯನ್ನು ಮರದಿಂದ ಸುಲಿಯಬೇಕು. ಆಳವಾಗಿ ಸುತ್ತ ಸುಲಿದರೆ ಮರವೇ ಸಾಯುತ್ತದೆ. ಅಡಿಕೆ ಮರವಾದರೋ ಹಣ್ಣಾದ ಸೋಗೆಯ ಜೊತೆ ಹಾಳೆಯನ್ನು ತಾನೇ ಉದುರಿಸುತ್ತದೆ. ಬಿದ್ದದ್ದು ಮಳೆಗೆ ಕೊಳೆಯುವ ಮೊದಲೇ ಹೆಕ್ಕಿ, ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಮಡಚಿ ಹೊಲಿಯುತ್ತಿದ್ದರು. ಬಿಸಿಲಿಗೂ ಆಯಿತು, ಹೊರೆ ಹೊರಲೂ ಆಯಿತು. (ನಾವು ಮಕ್ಕಳು ಹಾಳೆಯ ಮೇಲೆ ಕೂತು ಎಳೆಸಿಕೊಂಡದ್ದೇ ಹೆಚ್ಚು!)

ಅಜ್ಜಿಗೆ ಹೊಲಿಯಲು ಬರುತ್ತಿತ್ತು. ಅವರಿದ್ದಾಗ ನಾನು ಕಲಿಯಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬಂದರೆ ಮುಂದಿನ ಸಭೆಯಲ್ಲಿ ತೋರಿಸಿಕೊಡಿ, ಹಾಳೆ ಊರಿಂದ ನಾನು ತರಿಸುತ್ತೇನೆ.