ತರಬೇತಿಯ ಭಾಷೆ, ಓದುಗರ ಭಾಷೆ: ಆಫ್ರಿಕದ ಪತ್ರಿಕಾ ಶಿಕ್ಷಣದ ಚರಿತ್ರೆ

1991ರ ಏಪ್ರಿಲ್ 29ರಿಂದ ಮೇ 3ರವರೆಗೆ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ ಆಫ್ರಿಕದ ಪತ್ರಕರ್ತರ ಸಮಾವೇಶವೊಂದು ನಡೆಯಿತು. ವಿಶ್ವಸಂಸ್ಥೆಯೂ ಯುನೆಸ್ಕೊ ಸಂಸ್ಥೆಯೂ ಕೂಡಿ ಕರೆದಿದ್ದ ಆ ಸಭೆಯು ಕೊನೆಯ ದಿನ ಒಂದು ಘೋಷಣೆಯನ್ನು ಅಂಗೀಕರಿಸಿತು. ಅದರ ನೆನಪಿಗಾಗಿಯೇ ವಿಶ್ವಸಂಸ್ಥೆಯ ಮಹಾಸಭೆ 1993ರ ಡಿಸೆಂಬರಿನಲ್ಲಿ ಮೇ 3ನ್ನು ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನವೆಂದು ಸಾರಿತು. 1969ರಿಂದ 1990ರವರೆಗೆ ಆಫ್ರಿಕದಲ್ಲಿ 48 ಪತ್ರಕರ್ತರು ಕರ್ತವ್ಯನಿರತರಾಗಿದ್ದಾಗ ಹತರಾದರೆಂದೂ, ಆ ಹೊತ್ತಿಗೆ ಕನಿಷ್ಠ 17 ಮಂದಿ ಪತ್ರಕರ್ತರು, ಸಂಪಾದಕರು ಅಥವಾ ಪ್ರಕಾಶಕರು ಸೆರೆಯಲ್ಲಿದ್ದರೆಂದೂ ಘೋಷಣೆ ದಾಖಲಿಸಿದೆ. ಅದೇ ದಸ್ತಾವೇಜು ಪತ್ರಕರ್ತರ ತರಬೇತಿಯನ್ನೂ ಕಾಗದದ ಮೇಲಿನ ಸುಂಕವನ್ನೂ ಸಂಘಟನೆಯ ಹಕ್ಕನ್ನೂ ಒಟ್ಟಿಗೆ ಚರ್ಚಿಸುತ್ತದೆ. ಈ ಜೋಡಣೆ ಇಂದು ಸಹಜವಾಗಿ ಕಾಣುತ್ತದೆಯಾದರೂ ಅದಕ್ಕೆ ಮುಂಚಿನ ಮೂರು ದಶಕಗಳಲ್ಲಿ ಪತ್ರಿಕಾ ಶಿಕ್ಷಣವೂ ಪತ್ರಿಕಾ ಸ್ವಾತಂತ್ರ್ಯವೂ ಬಹುಮಟ್ಟಿಗೆ ಬೇರೆ ಬೇರೆ ದಾರಿಗಳಲ್ಲಿ ನಡೆದಿದ್ದವು. ಅವುಗಳ ನಡುವೆ ಮೂರನೆಯ ಪ್ರಶ್ನೆಯೊಂದು, ಅಂದರೆ ಓದುಗರ ಭಾಷೆಯ ಪ್ರಶ್ನೆ, ಬದಿಗೆ ಸರಿದು ನಿಂತಿತ್ತು.

ಆಫ್ರಿಕದ ಭಾಷೆಗಳಲ್ಲಿ ಪತ್ರಿಕೆ ನಡೆಸುವವರಿಗೆ ಮೊದಲ ಪಾಠಶಾಲೆಯಾದದ್ದು ಮಿಷನ್ ಮುದ್ರಣಾಲಯ. ದಕ್ಷಿಣ ಆಫ್ರಿಕದ ಲವ್‌ಡೇಲ್ ಮಿಷನ್ ಖೋಸಾ ಭಾಷೆಯಲ್ಲಿ ‘ಇಸಿಗಿಡಿಮಿ ಸಮಾಖೋಸಾ’ ಎಂಬ ಪತ್ರಿಕೆಯನ್ನು ಹೊರಡಿಸುತ್ತಿತ್ತು. ಜಾನ್ ಟೆಂಗೊ ಜಬಾವು 1881ರಲ್ಲಿ ಅದರ ಸಂಪಾದಕನಾದ. ಸುದ್ದಿಯನ್ನು ಆಯುವುದು, ಅಚ್ಚಿಗೆ ಅಣಿಗೊಳಿಸುವುದು, ಓದುಗರ ಪತ್ರಗಳಿಗೆ ಉತ್ತರಿಸುವುದು ಇವೆಲ್ಲವೂ ಅಲ್ಲಿ ಅವನಿಗೆ ರೂಢಿಯಾದವು. ಆದರೆ ರಾಜಕೀಯ ವಿಷಯಗಳಲ್ಲಿ ಮಿಷನ್ ಹಾಕಿದ ಗೆರೆಯನ್ನು ಮೀರಲು ಅವಕಾಶವಿರಲಿಲ್ಲ. 1884ರಲ್ಲಿ ಅವನು ಹೊರಬಂದು ಕಿಂಗ್ ವಿಲಿಯಮ್ಸ್ ಟೌನ್‌ನಲ್ಲಿ ‘ಇಮ್ವೊ ಝಬಂಟ್ಸುಂಡು’, ಎಂದರೆ ‘ಕಪ್ಪುಜನರ ಅಭಿಪ್ರಾಯ’, ಎಂಬ ವಾರಪತ್ರಿಕೆಯನ್ನು ಆರಂಭಿಸಿದ. ಮಿಷನ್ನಿನ ಹಂಗು ಹರಿದರೂ ಬಂಡವಾಳದ ಹಂಗು ಉಳಿಯಿತು. ಪತ್ರಿಕೆಗೆ ಹಣ ಬಂದದ್ದು ಬಿಳಿಯ ಉದಾರವಾದಿಗಳಿಂದ. ಆ ಬಳಗದ ರಾಜಕಾರಣದೊಡನೆ ಜಬಾವುವಿನ ನಂಟು ಕೊನೆಯವರೆಗೂ ಬಿಡಲಿಲ್ಲ. ಕಪ್ಪುಜನರ ಭೂಮಿಯ ಹಕ್ಕನ್ನು ಕಿತ್ತುಕೊಂಡ 1913ರ ಭೂ ಕಾಯಿದೆಯನ್ನು ಅವನು ಬೆಂಬಲಿಸಿದಾಗ ಅವನ ಮಾತಿನ ಮೇಲಿದ್ದ ಜನರ ವಿಶ್ವಾಸ ಕುಸಿಯಿತು.

ಕರಾವಳಿ ಕರ್ನಾಟಕದ ಮುದ್ರಣಚರಿತ್ರೆಯನ್ನು ಬಲ್ಲವರಿಗೆ ಈ ಮಿಷನ್ ಪಾಠಶಾಲೆಯ ಸ್ವರೂಪ ಅಪರಿಚಿತವಲ್ಲ. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು ಬಾಸೆಲ್ ಮಿಷನ್ನಿನ ಆಶ್ರಯದಲ್ಲಿ. ಅದೇ ಮಿಷನ್ 1828ರಿಂದ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿಯೂ ಕೆಲಸಮಾಡುತ್ತಿತ್ತು. 1883ರಲ್ಲಿ ಅಲ್ಲಿನ ಗಾ ಮತ್ತು ತ್ವಿ ಭಾಷೆಗಳಲ್ಲಿ ಪತ್ರಿಕೆ ತಂದಿತು. ಎರಡೂ ತೀರಗಳಲ್ಲಿ ದೇಶಭಾಷೆ ಅಚ್ಚಿನ ಭಾಷೆಯಾಗಿ ಹದಗೊಂಡದ್ದು ಧರ್ಮಪ್ರಚಾರದ ಅಗತ್ಯದಿಂದ. ಹೀಗೆ ಹದಗೊಂಡ ಭಾಷೆಯನ್ನು ಅನ್ಯ ಉದ್ದೇಶಗಳಿಗೆ ತಿರುಗಿಸಿಕೊಂಡವರು ಆ ಭಾಷೆಯ ಜನರೇ.

ಜಬಾವುವಿನ ನಂತರದ ಪೀಳಿಗೆಯ ಸೋಲ್ ಪ್ಲಾಟ್ಜೆಗೆ ಮಿಷನ್ ಶಾಲೆಯ ಕೆಲವೇ ತರಗತಿಗಳ ಓದು ದೊರೆತಿತ್ತು. ಕಿಂಬರ್ಲಿಯ ಅಂಚೆ ಕಚೇರಿಯಲ್ಲಿ ಪತ್ರ ಹಂಚುವ ಕೆಲಸ, ಆಮೇಲೆ ಮಫೆಕಿಂಗ್‌ನ ನ್ಯಾಯಾಲಯದಲ್ಲಿ ದುಭಾಷಿಯ ಹುದ್ದೆ, ಇವೇ ಅವನ ತರಬೇತಿ. ಸಾಕ್ಷಿಯ ಮಾತನ್ನು ಕೂಡಿಸದೆ ಕಳೆಯದೆ ಇನ್ನೊಂದು ಭಾಷೆಗೆ ದಾಟಿಸಬೇಕಾದ ದುಭಾಷಿಯ ಶಿಸ್ತು ಅವನ ವರದಿಗಾರಿಕೆಗೆ ತಳಹದಿಯಾಯಿತು. ತ್ಸ್ವಾನಾ ಮತ್ತು ಇಂಗ್ಲಿಷ್ ಎರಡರಲ್ಲೂ ಪ್ರಕಟವಾಗುತ್ತಿದ್ದ ‘ಕೊರಾಂಟಾ’ ಪತ್ರಿಕೆಯನ್ನು ಅವನು ಸಂಪಾದಿಸಿದ. ಜಬಾವು ಬೆಂಬಲಿಸಿದ ಭೂ ಕಾಯಿದೆಯ ವಿರುದ್ಧ ಊರೂರು ತಿರುಗಿ ಸಾಕ್ಷ್ಯ ಕಲೆಹಾಕಿ ಬರೆದವನೂ ಅವನೇ.

ಪೂರ್ವ ಆಫ್ರಿಕದ ಕಥೆ ಇನ್ನೂ ಸ್ಪಷ್ಟ. 1928ರಲ್ಲಿ ಗಿಕುಯು ಭಾಷೆಯ ‘ಮುಇಗ್ವಿಥಾನಿಯಾ’ ಪತ್ರಿಕೆಯ ಸಂಪಾದಕನಾಗಿದ್ದವನು ಮುಂದೆ ಕೀನ್ಯಾದ ಅಧ್ಯಕ್ಷನಾದ ಜೋಮೊ ಕೆನ್ಯಾಟಾ. 1945ರಲ್ಲಿ ‘ಮುಮೆನ್ಯೆರೆರಿ’ಯನ್ನು ಆರಂಭಿಸಿದ ಹೆನ್ರಿ ಮುವೊರಿಯಾ ರೈಲಿನಲ್ಲಿ ಗಾರ್ಡ್ ಆಗಿದ್ದವನು, ಪತ್ರಿಕೋದ್ಯಮವನ್ನು ಅಂಚೆ ಶಿಕ್ಷಣದ ಮೂಲಕ ಕಲಿತವನು. ಬ್ರಿಟನ್ನಿನಿಂದ ಬರುತ್ತಿದ್ದ ಪಾಠಗಳು ಇಂಗ್ಲಿಷಿನಲ್ಲಿದ್ದವು, ಅವನ ಓದುಗರು ಗಿಕುಯು ಬಲ್ಲ ರೈತರೂ ನೈರೋಬಿಯ ಕೂಲಿಕಾರರೂ ಆಗಿದ್ದರು. ಆ ಎರಡರ ನಡುವಿನ ಸೇತುವೆಯನ್ನು ಅವನೇ ಕಟ್ಟಿಕೊಳ್ಳಬೇಕಾಯಿತು. 1952ರಲ್ಲಿ ವಸಾಹತು ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿ ಗಿಕುಯು ಪತ್ರಿಕೆಗಳನ್ನು ನಿಷೇಧಿಸಿತು. ಆಗ ಲಂಡನ್ನಿನಲ್ಲಿದ್ದ ಮುವೊರಿಯಾ ಅಲ್ಲಿಯೇ ಉಳಿಯಬೇಕಾಗಿ ಬಂದು, ನಗರದ ಸುರಂಗ ರೈಲಿನಲ್ಲಿ ಮತ್ತೆ ಗಾರ್ಡ್ ಕೆಲಸಕ್ಕೆ ಸೇರಿದ.

ಹೀಗೆ ಮೂಲೆಗೆ ಸರಿಸಲ್ಪಟ್ಟ ದೇಶಭಾಷಾ ಪತ್ರಿಕಾ ಪರಂಪರೆಯ ಪಕ್ಕದಲ್ಲಿಯೇ ಸ್ವಾತಂತ್ರ್ಯದ ದಶಕ ತೆರೆದುಕೊಂಡಿತು. ಪತ್ರಿಕಾ ಶಿಕ್ಷಣಕ್ಕೆ ಸಾಂಸ್ಥಿಕ ರೂಪ ಬಂದದ್ದು ಆಗ. ಘಾನಾದಲ್ಲಿ ಕ್ವಾಮೆ ಎನ್‌ಕ್ರುಮಾನ ಸರ್ಕಾರ 1959ರಲ್ಲಿ ಪತ್ರಿಕೋದ್ಯಮ ಸಂಸ್ಥೆಯನ್ನು ಸ್ಥಾಪಿಸಿತು. ಅಂತಾರಾಷ್ಟ್ರೀಯ ಪತ್ರಿಕಾ ಸಂಸ್ಥೆಯು ಅಮೆರಿಕದ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 1963ರಲ್ಲಿ ನೈರೋಬಿಯಲ್ಲಿ ತರಬೇತಿ ಕೇಂದ್ರ ತೆರೆಯಿತು. ಬ್ರಿಟನ್ನಿನ ‘ಪಿಕ್ಚರ್ ಪೋಸ್ಟ್’ ಮತ್ತು ದಕ್ಷಿಣ ಆಫ್ರಿಕದ ‘ಡ್ರಮ್’ ಪತ್ರಿಕೆಗಳ ಸಂಪಾದಕನಾಗಿದ್ದ ಟಾಮ್ ಹಾಪ್‌ಕಿನ್ಸನ್ ಮೊದಲ ಮೂರು ವರ್ಷ ಅದನ್ನು ನಡೆಸಿದ. ಫ್ರೆಂಚ್ ಬಳಸುವ ದೇಶಗಳಿಗಾಗಿ 1965ರಲ್ಲಿ ಡಾಕರ್‌ನಲ್ಲಿಯೂ 1970ರಲ್ಲಿ ಯಾವುಂಡೆಯಲ್ಲಿಯೂ ಪತ್ರಿಕಾ ಶಾಲೆಗಳು ಹುಟ್ಟಿದವು. ಯಾವುಂಡೆಯ ಶಾಲೆ ಹಲವು ದೇಶಗಳ ಸರ್ಕಾರಗಳು ಸೇರಿ ನಡೆಸಿದ್ದು.

ಈ ಶಾಲೆಗಳ ಬೋಧನೆ ಇಂಗ್ಲಿಷಿನಲ್ಲಿ ಇಲ್ಲವೆ ಫ್ರೆಂಚಿನಲ್ಲಿ ನಡೆಯಿತು. ಇದಕ್ಕೆ ಕಾರಣಗಳಿದ್ದವು. ನೈರೋಬಿಯ ಒಂದೇ ಕೊಠಡಿಯಲ್ಲಿ ಹತ್ತಾರು ಮಾತೃಭಾಷೆಗಳ ಯುವಕರು ಕೂರುತ್ತಿದ್ದರು. ವಿದೇಶಿ ಸುದ್ದಿಸಂಸ್ಥೆಗಳ ತಂತಿಸುದ್ದಿ ಬರುತ್ತಿದ್ದದ್ದು, ಜಾಹೀರಾತಿನ ವ್ಯವಹಾರ ನಡೆಯುತ್ತಿದ್ದದ್ದು ಆ ಭಾಷೆಗಳಲ್ಲಿಯೇ. ಒಂದು ಭಾಷೆಯನ್ನು ಆರಿಸಿದರೆ ಉಳಿದ ಸಮುದಾಯಗಳು ಮುನಿಯಬಹುದೆಂಬ ಭಯ ಹೊಸ ಸರ್ಕಾರಗಳಿಗೆ ಇತ್ತು. ಕಾರಣಗಳು ಸಕಾರಣವಾಗಿದ್ದರೂ ಪರಿಣಾಮ ತಪ್ಪಲಿಲ್ಲ. ಸುದ್ದಿಯ ಶೀರ್ಷಿಕೆ ಕಟ್ಟುವುದನ್ನು, ನ್ಯಾಯಾಲಯದ ವರದಿ ಬರೆಯುವುದನ್ನು, ಸರ್ಕಾರಿ ಅಂಕಿಅಂಶಗಳನ್ನು ಬಿಡಿಸಿ ಹೇಳುವುದನ್ನು ಯುವ ಪತ್ರಕರ್ತ ರಾಜಧಾನಿಯ ಭಾಷೆಯಲ್ಲಿ ಕಲಿತ. ತನ್ನ ಹಳ್ಳಿಯ ಭಾಷೆಯಲ್ಲಿ ಅದೇ ಕೆಲಸ ಮಾಡುವ ಪರಿಭಾಷೆಯನ್ನು ಯಾರೂ ಅವನಿಗೆ ಕಲಿಸಲಿಲ್ಲ.

ಶಿಕ್ಷಣ ಸಂಸ್ಥೆ ಇದ್ದ ಮಾತ್ರಕ್ಕೆ ಸ್ವಾತಂತ್ರ್ಯ ಬರಲಿಲ್ಲವೆಂಬುದಕ್ಕೂ ಘಾನಾ ಸಾಕ್ಷಿ. ಪತ್ರಿಕೋದ್ಯಮ ಸಂಸ್ಥೆ ತೆರೆದ ಮೂರು ವರ್ಷಗಳಲ್ಲಿ, 1962ರಲ್ಲಿ, ಅದೇ ಸರ್ಕಾರ ಕುಮಾಸಿಯ ವಿರೋಧಪಕ್ಷದ ದನಿಯಾಗಿದ್ದ ‘ಅಶಾಂಟಿ ಪಯೊನಿಯರ್’ ಪತ್ರಿಕೆಯನ್ನು ನಿಲ್ಲಿಸಿತು. ಹೊಸ ರಾಷ್ಟ್ರವನ್ನು ಕಟ್ಟುವಾಗ ಪತ್ರಕರ್ತ ಸರ್ಕಾರದ ಸಹಭಾಗಿಯಾಗಬೇಕು ಎಂಬುದು ಆ ಕಾಲದ ಪ್ರಬಲ ವಾದ. ಆ ವಾದದಲ್ಲಿ ಪ್ರಾಮಾಣಿಕವಾದ ಅಂಶವೂ ಇತ್ತು: ವಸಾಹತು ಕಾಲದ ಇಂಗ್ಲಿಷ್ ಪತ್ರಿಕೆಗಳಿಗೆ ಕೃಷಿ, ಆರೋಗ್ಯ, ಶಾಲೆಗಳ ಸುದ್ದಿ ಮುಖ್ಯವಾಗಿರಲಿಲ್ಲ. ಆದರೆ ಸಹಭಾಗಿ ಯಾರೆಂದು ತೀರ್ಮಾನಿಸುವ ಅಧಿಕಾರವನ್ನು ಸರ್ಕಾರ ತನ್ನಲ್ಲಿಯೇ ಇಟ್ಟುಕೊಂಡಿತು.

ಓದುಗರ ಭಾಷೆಯೊಂದನ್ನೇ ಪರಿಹಾರವೆಂದು ತಿಳಿಯುವಂತೆಯೂ ಇಲ್ಲ. ತಾಂಜಾನಿಯಾದಲ್ಲಿ ಸ್ವಾಹಿಲಿಗೆ ರಾಷ್ಟ್ರಭಾಷೆಯ ಸ್ಥಾನ ದೊರೆಯಿತು. 1961ರಲ್ಲಿ ಆರಂಭವಾದ ‘ಉಹುರು’ ಪತ್ರಿಕೆಯ ಹೆಸರಿನ ಅರ್ಥವೇ ಸ್ವಾತಂತ್ರ್ಯ; ಅದರ ಒಡೆತನ ಮಾತ್ರ ಆಡಳಿತ ಪಕ್ಷದ್ದು. 1970ರಲ್ಲಿ ಇಂಗ್ಲಿಷಿನ ‘ಸ್ಟ್ಯಾಂಡರ್ಡ್’ ಪತ್ರಿಕೆಯೂ ರಾಷ್ಟ್ರೀಕರಣಗೊಂಡಿತು. ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಪತ್ರಿಕೆ ಸಿಕ್ಕಿತು, ಆದರೆ ಅದನ್ನು ಪ್ರಶ್ನಿಸುವ ಮತ್ತೊಂದು ಪತ್ರಿಕೆಗೆ ಜಾಗ ಉಳಿಯಲಿಲ್ಲ.

ಈ ವಿರೋಧಾಭಾಸದಲ್ಲಿ ಭಾರತವೂ ಪಾಲುದಾರ. 1976ರ ಜುಲೈಯಲ್ಲಿ ಅಲಿಪ್ತ ರಾಷ್ಟ್ರಗಳ ಪ್ರತಿನಿಧಿಗಳು ದೆಹಲಿಯಲ್ಲಿ ಸೇರಿ ತಮ್ಮ ಸುದ್ದಿಸಂಸ್ಥೆಗಳ ಒಕ್ಕೂಟದ ರೂಪರೇಷೆಗೆ ಒಪ್ಪಿಗೆ ನೀಡಿದರು. ಪಾಶ್ಚಾತ್ಯ ಸುದ್ದಿಸಂಸ್ಥೆಗಳ ಏಕಸ್ವಾಮ್ಯವನ್ನು ಮುರಿಯುವ ಉದ್ದೇಶ ನ್ಯಾಯವಾದದ್ದೇ. 1965ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಸಮೂಹ ಸಂವಹನ ಸಂಸ್ಥೆಯು ಮುಂದೆ ಅಲಿಪ್ತ ದೇಶಗಳ ಪತ್ರಕರ್ತರಿಗೆ ಸುದ್ದಿಸಂಸ್ಥೆಯ ಕೆಲಸದಲ್ಲಿ ತರಬೇತಿ ಕೊಡುತ್ತ ಬಂತು. ಆದರೆ ದೆಹಲಿಯ ಆ ಸಮ್ಮೇಳನ ನಡೆದಾಗ ಭಾರತದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಅದೇ ವರ್ಷದ ಆರಂಭದಲ್ಲಿ ದೇಶದ ನಾಲ್ಕು ಸುದ್ದಿಸಂಸ್ಥೆಗಳನ್ನು ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯೊಳಗೆ ಸೇರಿಸಲಾಗಿತ್ತು. ಹೊರಗಿನ ಏಕಸ್ವಾಮ್ಯದ ವಿರುದ್ಧ ಮಾತನಾಡಿದ ಸರ್ಕಾರವೇ ಒಳಗೆ ಏಕಸ್ವಾಮ್ಯವನ್ನು ನಿರ್ಮಿಸಿತ್ತು. 1980ರಲ್ಲಿ ಪ್ರಕಟವಾದ ಮ್ಯಾಕ್‌ಬ್ರೈಡ್ ಆಯೋಗದ ವರದಿ ಈ ಎರಡೂ ಬಗೆಯ ಅಸಮಾನತೆಯನ್ನು ಗುರುತಿಸಲು ಯತ್ನಿಸಿತು. ಅದೇ ವರ್ಷ ಯುನೆಸ್ಕೊ ಸಂವಹನ ಅಭಿವೃದ್ಧಿಗಾಗಿ ಅಂತಾರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಆದರೆ ಶೀತಲ ಸಮರದ ಬಣ ರಾಜಕೀಯದಲ್ಲಿ ಚರ್ಚೆ ಸಿಲುಕಿ, ಅಮೆರಿಕ 1984ರ ಕೊನೆಯಲ್ಲಿಯೂ ಬ್ರಿಟನ್ ಮರುವರ್ಷವೂ ಯುನೆಸ್ಕೊವನ್ನೇ ತೊರೆದವು.

ವಿಂಡ್‌ಹುಕ್‌ನ ಮಹತ್ವ ತಿಳಿಯುವುದು ಈ ಹಿನ್ನೆಲೆಯಲ್ಲಿ. ಅಲ್ಲಿ ಮಾತನಾಡಿದವರು ಸರ್ಕಾರಗಳ ಪ್ರತಿನಿಧಿಗಳಾಗಿರದೆ ಪತ್ರಿಕೆ ನಡೆಸುವವರೇ ಆಗಿದ್ದರು. ಸ್ವತಂತ್ರ ಪತ್ರಿಕೆಯೆಂದರೆ ಸರ್ಕಾರದ, ರಾಜಕೀಯದ, ಹಣದ ಹಿಡಿತದಿಂದಷ್ಟೇ ಅಲ್ಲದೆ ಕಾಗದ, ಯಂತ್ರ, ಹಂಚಿಕೆಯಂಥ ಸಾಮಗ್ರಿಗಳ ಮೇಲಿನ ಹಿಡಿತದಿಂದಲೂ ಹೊರತಾದದ್ದು ಎಂದು ಅವರು ವ್ಯಾಖ್ಯಾನಿಸಿದರು. ಕಾಗದದ ಸುಂಕ, ಅಚ್ಚಿನ ಯಂತ್ರದ ಆಮದು ಮಿತಿ, ಪತ್ರಿಕೆಯ ಮಾರಾಟ ತೆರಿಗೆ ಇವುಗಳನ್ನು ಗುರುತಿಸಿ ತೆಗೆದುಹಾಕಬೇಕೆಂದರು. ತರಬೇತಿ ವರದಿಗಾರರಿಗಷ್ಟೇ ಸಾಲದು, ಪತ್ರಿಕೆಯ ಆಡಳಿತ ನೋಡುವವರಿಗೂ ಬೇಕೆಂದರು. ಸಂಬಳ ಕೊಡಲಾಗದೆ ಪತ್ರಿಕೆ ಮುಚ್ಚಿದರೆ ಸುಶಿಕ್ಷಿತ ವರದಿಗಾರ ಎಲ್ಲಿಗೆ ಹೋಗಬೇಕು ಎಂಬ ಅನುಭವದ ಪ್ರಶ್ನೆ ಅದರ ಹಿಂದಿತ್ತು.

ಆ ಅನುಭವಕ್ಕೆ ಆತಿಥೇಯ ದೇಶವೇ ನಿದರ್ಶನ. ಗ್ವೆನ್ ಲಿಸ್ಟರ್ 1985ರಲ್ಲಿ ಸ್ಥಾಪಿಸಿದ ‘ದ ನಮೀಬಿಯನ್’ ಪತ್ರಿಕೆಯ ಕಚೇರಿಗೆ ದಕ್ಷಿಣ ಆಫ್ರಿಕದ ಆಳ್ವಿಕೆಯ ಕಾಲದಲ್ಲಿ, 1988ರಲ್ಲಿ, ಬೆಂಕಿ ಹಚ್ಚಲಾಗಿತ್ತು. 1990ರಲ್ಲಿ ದೇಶ ಸ್ವತಂತ್ರವಾದ ಮೇಲೆ ಬೆಂಕಿಯ ಭಯ ಹೋಯಿತು, ಬೇರೆ ಅಸ್ತ್ರ ಬಂತು. ಪತ್ರಿಕೆ ಸರ್ಕಾರವನ್ನು ಅತಿಯಾಗಿ ಟೀಕಿಸುತ್ತದೆಂದು 2000ದ ಕೊನೆಯಲ್ಲಿ ಅದಕ್ಕೆ ಸರ್ಕಾರಿ ಜಾಹೀರಾತು ನಿಂತಿತು. ಸರ್ಕಾರದ ಹಣದಲ್ಲಿ ಅದನ್ನು ಕೊಳ್ಳಬಾರದೆಂಬ ಆಜ್ಞೆಯೂ ಹಿಂಬಾಲಿಸಿತು. ನಿಷೇಧ ತೆರವಾದದ್ದು 2011ರಲ್ಲಿ. ಆ ಹತ್ತು ವರ್ಷ ಪತ್ರಿಕೆಯನ್ನು ಉಳಿಸಿದವರು ಅದನ್ನು ಕೈಯಿಂದ ಕಾಸು ಕೊಟ್ಟು ಕೊಂಡ ಓದುಗರು. ಇಂಗ್ಲಿಷ್ ಪತ್ರಿಕೆಯಾಗಿದ್ದರೂ ಅದು ದೇಶದ ಅತಿದೊಡ್ಡ ಜನಭಾಷೆಯಾದ ಒಶಿವಾಂಬೊದಲ್ಲಿ ಪುಟಗಳನ್ನು ಪ್ರಕಟಿಸುತ್ತ ಬಂದಿರುವುದನ್ನು ಇಲ್ಲಿ ನೆನೆಯಬೇಕು.

ಶಾಲೆಯ ಹೊರಗೆ ಬೆಳೆದವರ ಸಾಲಿಗೆ ಕ್ಯಾಮರೂನಿನ ಪಿಯುಸ್ ಎನ್‌ಜಾವೆಯೂ ಸೇರುತ್ತಾನೆ. ಬೀದಿಯಲ್ಲಿ ಪತ್ರಿಕೆ ಮಾರುವ ಹುಡುಗನಾಗಿ ಆರಂಭಿಸಿ 1979ರಲ್ಲಿ ‘ಲ ಮೆಸಾಜೆ’ ಪತ್ರಿಕೆಯನ್ನು ಸ್ಥಾಪಿಸಿದಾಗ ಅವನ ವಯಸ್ಸು 22. ಅಧ್ಯಕ್ಷರ ಆರೋಗ್ಯದ ಬಗ್ಗೆ ಬರೆದದ್ದಕ್ಕಾಗಿ 1998ರಲ್ಲಿ ಅವನು ಹಲವು ತಿಂಗಳು ಸೆರೆಯಲ್ಲಿದ್ದ. ಹಲವು ಸರ್ಕಾರಗಳ ಪತ್ರಿಕಾ ಶಾಲೆ ಇದ್ದ ದೇಶದಲ್ಲಿಯೇ ಇದು ನಡೆಯಿತು.

ವಿಂಡ್‌ಹುಕ್ ಘೋಷಣೆಯ ಮೂರು ವರ್ಷಗಳಲ್ಲಿಯೇ ಅದರ ಮಿತಿಯನ್ನು ತೋರಿಸಿದ್ದು ರುವಾಂಡಾ. 1990ರಲ್ಲಿ ಆರಂಭವಾದ ‘ಕಂಗುರ’ ಪತ್ರಿಕೆಯೂ 1993ರಲ್ಲಿ ಆರಂಭವಾದ ಖಾಸಗಿ ರೇಡಿಯೊ ಕೇಂದ್ರವೂ ಎಲ್ಲರಿಗೂ ತಿಳಿಯುವ ಕಿನ್ಯರುವಾಂಡಾ ಭಾಷೆಯಲ್ಲಿ ತುತ್ಸಿಗಳ ವಿರುದ್ಧ ದ್ವೇಷ ಹರಡಿದವು. 1994ರ ನರಮೇಧದಲ್ಲಿ ರೇಡಿಯೊ ಕೊಲೆಗಾರರಿಗೆ ದಾರಿ ತೋರಿಸಿತು. 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಇವುಗಳ ಹಿಂದಿದ್ದ ಮೂವರನ್ನು ದೋಷಿಗಳೆಂದು ತೀರ್ಪಿತ್ತಿತು. ಅವರಲ್ಲೊಬ್ಬ ಇತಿಹಾಸದ ಪ್ರಾಧ್ಯಾಪಕನಾಗಿದ್ದ. ಪದವಿಯೂ ಇತ್ತು, ಖಾಸಗಿ ಒಡೆತನವೂ ಇತ್ತು, ಜನರ ಭಾಷೆಯೂ ಇತ್ತು. ಇಲ್ಲದಿದ್ದದ್ದು ಕೇಳಿದ್ದನ್ನು ಪರೀಕ್ಷಿಸಿ ನೋಡುವ ವೃತ್ತಿಶಿಸ್ತು, ಮತ್ತು ಅದೇ ಭಾಷೆಯಲ್ಲಿ ಅಷ್ಟೇ ಗಟ್ಟಿಯಾಗಿ ಸುಳ್ಳನ್ನು ಅಲ್ಲಗಳೆಯಬಲ್ಲ ದನಿಗಳು. ಜನರ ಮನಸ್ಸಿಗೆ ನೇರವಾಗಿ ತಲುಪುವ ಭಾಷೆಯಲ್ಲಿಯೇ ಆ ಶಿಸ್ತಿನ ಅಗತ್ಯ ಹೆಚ್ಚು ಎಂಬುದನ್ನು ಈ ದುರಂತ ಕಲಿಸುತ್ತದೆ.

ಜಬಾವುವಿನಿಂದ ರುವಾಂಡಾದವರೆಗಿನ ಈ ಚರಿತ್ರೆಯಲ್ಲಿ ತರಬೇತಿ, ಒಡೆತನ, ಕಾನೂನು, ಭಾಷೆ ಈ ನಾಲ್ಕರಲ್ಲಿ ಯಾವ ಒಂದೂ ತಾನೇ ಪತ್ರಿಕೆಯನ್ನು ಸ್ವತಂತ್ರಗೊಳಿಸಿಲ್ಲ. ಮೊದಲ ಮೂರನ್ನು ವಿಂಡ್‌ಹುಕ್ ಒಂದೆಡೆ ತಂದಿತು. ನಾಲ್ಕನೆಯದಕ್ಕೆ ಅಂಥ ಸ್ಪಷ್ಟ ಸ್ಥಾನ ದೊರೆಯಲಿಲ್ಲ. ರಾಜಧಾನಿಯ ಭಾಷೆಯಲ್ಲಿ ಕಲಿತು ತನ್ನವರ ಭಾಷೆಯಲ್ಲಿ ಬರೆಯಬೇಕಾದ ಪತ್ರಕರ್ತ ಆಫ್ರಿಕದಲ್ಲಿ ಮಾತ್ರ ಇಲ್ಲ. ಸರ್ಕಾರದ ಆದೇಶ ಒಂದು ಭಾಷೆಯಲ್ಲಿಯೂ ಓದುಗರ ಬದುಕು ಇನ್ನೊಂದು ಭಾಷೆಯಲ್ಲಿಯೂ ಇರುವ ಎಲ್ಲ ಗಡಿಸೀಮೆಗಳಲ್ಲಿ ಅವನಿದ್ದಾನೆ. ಭೂದಾಖಲೆಯನ್ನು ಓದುವುದು, ಆಯವ್ಯಯವನ್ನು ಬಿಡಿಸುವುದು, ಆರೋಪವನ್ನು ರುಜುವಾತಿನಿಂದ ಬೇರ್ಪಡಿಸಿ ಬರೆಯುವುದು ಇವುಗಳನ್ನು ಅವನು ಓದುಗರ ಭಾಷೆಯಲ್ಲಿಯೇ ಕಲಿಯುವಂತಾಗಬೇಕು. ಅಂಚೆಯಲ್ಲಿ ಬಂದ ಇಂಗ್ಲಿಷ್ ಪಾಠವನ್ನು ರೈಲಿನ ಗಾರ್ಡ್ ಒಬ್ಬ ಒಂಟಿಯಾಗಿ ಕುಳಿತು ಗಿಕುಯುವಿಗೆ ಒಗ್ಗಿಸಿಕೊಂಡ. ಆ ಕೆಲಸ ಇನ್ನೂ ಬಹುಪಾಲು ಒಂಟಿ ವ್ಯಕ್ತಿಗಳ ಹೊಣೆಯಾಗಿಯೇ ಉಳಿದಿದೆ. ಅದನ್ನು ತಮ್ಮ ಪಠ್ಯಕ್ರಮದೊಳಕ್ಕೆ ತರಬೇಕಾದವು ಪತ್ರಿಕಾ ಶಿಕ್ಷಣ ಸಂಸ್ಥೆಗಳು.