ಬೆಣ್ಣೆ ಚಾವಡಿಯಿಂದ ಊಟದ ತಟ್ಟೆಗೆ

ಶ್ರೀರಂಗಪಟ್ಟಣ ಎಂದೊಡನೆ ನಿಮಗೆ ಕೋಟೆ, ಟಿಪ್ಪು, 1799ರ ಮೇ 4 ನೆನಪಾಗುತ್ತವೆ. ಬೆಣ್ಣೆ ನೆನಪಾಗುವುದಿಲ್ಲ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ಚಿಕ್ಕದೇವರಾಜ ಒಡೆಯರು ಇಲ್ಲಿಂದ ಆಳುತ್ತಿದ್ದಾಗ, ಅರಮನೆಗೆ ಹಾಲು ಬೆಣ್ಣೆ ಒದಗಿಸುವ ರಾಸುಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂದೇ ಹೆಸರಿತ್ತು. ಟಿಪ್ಪು ಅದನ್ನು 'ಅಮೃತ ಮಹಲ್' ಎಂದು ಬದಲಿಸಿದ. ಅದರ ಎತ್ತುಗಳು ಫಿರಂಗಿ ಎಳೆದದ್ದು ಬೇರೆಯೇ ಕಥೆ.

ಅದೇ ದೊರೆಯ ಹೆಸರಿನ ಚಿಕ್ಕದೇವರಾಜ ಸಾಗರ ನಾಲೆ ಇಂದಿಗೂ ಶ್ರೀರಂಗಪಟ್ಟಣದ ಗದ್ದೆಗಳಿಗೆ ನೀರುಣಿಸುತ್ತದೆ. ನಾಲೆಯಿದ್ದಲ್ಲಿ ಅನ್ನ, ಮಳೆ ನಂಬಿದ ನಾಗಮಂಗಲ, ಕೃಷ್ಣರಾಜಪೇಟೆಯ ಹೊಲಗಳಲ್ಲಿ ರಾಗಿ. ರಾಗಿಯ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು. ಆ ಕಾಳಿನ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯೇ. ಮುದ್ದೆಯ ಜೊತೆಗಿನ ಹುಚ್ಚೆಳ್ಳು ಚಟ್ನಿ ಬಡವನ ಬೆಣ್ಣೆಯಾಗಿತ್ತು ಎಂದರೆ ತಪ್ಪಾಗದು. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯಿತು. ಪಾಂಡವಪುರದ ಕಡೆ ಭತ್ತ, ಕಬ್ಬು ಹಬ್ಬಿದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು.

ಇಂದು ಇದೇ ಊರುಗಳ ಯುವಕರಿಗೆ ಸಿಗುವ ಉಪದೇಶ: "ಅನ್ನ, ಮುದ್ದೆ ಬಿಡಿ, ಬೆಣ್ಣೆ ತಿನ್ನಿ, ಸಣ್ಣಗಾಗುತ್ತೀರಿ." ಇದಕ್ಕೂ ಒಂದು ಇತಿಹಾಸವುಂಟು. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ತಾನು ತೂಕ ಇಳಿಸಿದ ಬಗೆಯನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ವೈದ್ಯರು ಅವನಿಗೆ ಬಿಡಿಸಿದ್ದು ಬ್ರೆಡ್, ಸಕ್ಕರೆ, ಆಲೂಗಡ್ಡೆ, ಬಿಯರ್, ಹಾಲು, ಜೊತೆಗೆ ಬೆಣ್ಣೆಯನ್ನೂ! ಬೆಣ್ಣೆಗೆ ಧಾರಾಳ ಅನುಮತಿ ಜನಪ್ರಿಯವಾದದ್ದು 1972ರಲ್ಲಿ, ಅಮೆರಿಕದ ಡಾ. ರಾಬರ್ಟ್ ಆಟ್ಕಿನ್ಸ್ ಅವರ ಪುಸ್ತಕದಿಂದ.

ಹಾಗಾದರೆ ಕೊಬ್ಬಿನ ಕೆಲಸವೇನು? ಪಿಷ್ಟ, ಸಕ್ಕರೆ ತೀರ ಕಡಿಮೆಯಾದಾಗ ಯಕೃತ್ತಿನ ಗ್ಲೈಕೋಜನ್ ದಾಸ್ತಾನು ಕರಗುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಮೊದಲ ವಾರದ ಇಳಿಕೆಯಲ್ಲಿ ಹೆಚ್ಚಿನ ಪಾಲು ಈ ನೀರೇ. ಆಮೇಲೆ ದೇಹ ಕೊಬ್ಬನ್ನು ಉರಿಸುತ್ತದೆ, ಯಕೃತ್ತು ಅದರಿಂದ ಕೀಟೋನ್ ತಯಾರಿಸುತ್ತದೆ. ಊಟದ ಕೊಬ್ಬು ಹಸಿವು ತಣಿಸಿ ಶಕ್ತಿ ಕೊಡುತ್ತದೆ, ನಿಜ. ಆದರೆ ಅದು ಮಿತಿಮೀರಿದರೆ ತಟ್ಟೆಯ ಕೊಬ್ಬೇ ಉರಿಯುತ್ತದೆ, ಸೊಂಟದ ಕೊಬ್ಬು ಹಾಗೇ ಉಳಿಯುತ್ತದೆ. ಒಂದು ಗ್ರಾಂ ಪಿಷ್ಟಕ್ಕೆ 4 ಕ್ಯಾಲೊರಿ, ಕೊಬ್ಬಿಗೆ 9. ಅಮೆರಿಕದಲ್ಲಿ 609 ಜನರನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕಿಲೊ, ಪಿಷ್ಟ ಕಡಿಮೆ ತಿಂದವರು 6 ಕಿಲೊ ಇಳಿದರು. ಈ ಅಂತರ ಗಣನೀಯವಲ್ಲ ಎಂದೇ ಸಂಶೋಧಕರು ಹೇಳಿದರು.

ನನಗೆ ಆತಂಕ ಹುಟ್ಟಿಸುವುದು ಮುದ್ದೆಯನ್ನೂ ಬಿಡದೆ ಬೆಣ್ಣೆಯನ್ನೂ ಸೇರಿಸುವವರು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ ಇದೆ. ರಾಗಿ ಒಳ್ಳೆಯ ಧಾನ್ಯ, ಆದರೆ ಪಿಷ್ಟ ಕಡಿಮೆಯಿರುವ ಆಹಾರವಲ್ಲ. ಅದರ ಮೇಲೆ ಹಾಕಿದ 15 ಗ್ರಾಂ ತುಪ್ಪ ಇನ್ನೂ 135 ಕ್ಯಾಲೊರಿ ಕೂಡಿಸುತ್ತದೆ, ಅಷ್ಟೆ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜಿ, ತಾತ ಮನೆಯಲ್ಲಿದ್ದರೆ, ಅವರ ಮುದ್ದೆ ಬಿಡಿಸುವ ಮೊದಲು ವೈದ್ಯರನ್ನು ಕೇಳಿ. ಪಿಷ್ಟ ಇಳಿದು ಔಷಧಿ ಮೊದಲಿನಷ್ಟೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.