ಮರೆಗುಳಿತನಕ್ಕೆ ಬೇರಿನ ಮದ್ದು: ಇಲಿಯಿಂದ ಶ್ರೀನಿವಾಸಪುರದವರೆಗೆ

ಅಲ್ಝೈಮರ್ಸ್ ಕಾಯಿಲೆಗೆ ವೈದ್ಯರು ಬರೆದುಕೊಡುವ ಗುಳಿಗೆಗಳ ಪಟ್ಟಿ ತೀರಾ ಚಿಕ್ಕದು. ಅದರಲ್ಲಿ ಎರಡರ ಮೂಲ ಗಿಡ. ಆದರೆ ಆ ಗಿಡಗಳು ನಮ್ಮ ಬ್ರಾಹ್ಮಿಯೂ ಅಲ್ಲ, ಅಶ್ವಗಂಧವೂ ಅಲ್ಲ. ರಿವಾಸ್ಟಿಗ್ಮಿನ್‌ನ ಪೂರ್ವಜ ನೈಜೀರಿಯದ ಕಲಬಾರ್ ಸೀಮೆಯ ವಿಷದ ಕಾಳು. ಆರೋಪ ಹೊತ್ತವನಿಗೆ ಅದನ್ನು ತಿನ್ನಿಸುತ್ತಿದ್ದರು. ಸತ್ತರೆ ತಪ್ಪಿತಸ್ಥ, ವಾಂತಿ ಮಾಡಿಕೊಂಡು ಉಳಿದರೆ ನಿರಪರಾಧಿ. 1864ರಲ್ಲಿ ಆ ಕಾಳಿನಿಂದ ಫೈಸೊಸ್ಟಿಗ್ಮಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಲಾಯಿತು. ಅದರ ಜಾಡು ಹಿಡಿದು ಜೆರುಸಲೇಮಿನ ವಿಜ್ಞಾನಿ ಮಾರ್ಟಾ ವೈನ್‌ಸ್ಟಾಕ್ ರೂಪಿಸಿದ ಮದ್ದಿಗೆ 2000ದಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಇನ್ನೊಂದು, ಗ್ಯಾಲಂಟಮಿನ್. ಕಾಕಸಸ್ ಬೆಟ್ಟಗಳ ಸ್ನೋಡ್ರಾಪ್ ಎಂಬ ಹೂಗಿಡದಲ್ಲಿ 1950ರ ದಶಕದ ಆರಂಭದಲ್ಲಿ ಸೋವಿಯತ್ ಸಂಶೋಧಕರು ಗುರುತಿಸಿದ ಇದು 2001ರಲ್ಲಿ ಅಮೆರಿಕದಲ್ಲಿ ಅಲ್ಝೈಮರ್ಸ್ ಔಷಧಿಯಾಯಿತು.

ಎರಡರ ಕೆಲಸವೂ ಒಂದೇ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಇವು ತಡೆಯುತ್ತವೆ. ರೋಗಿ ಸ್ವಲ್ಪ ಕಾಲ ಚೇತರಿಸಿಕೊಂಡಂತೆ ಕಾಣಬಹುದು. ಒಳಗಿನ ರೋಗ ಮಾತ್ರ ಮುಂದುವರಿಯುತ್ತಲೇ ಇರುತ್ತದೆ.

ನಮ್ಮಲ್ಲಿ ಬುದ್ಧಿಗೆ ಬಲ ಕೊಡುವ ಮೂಲಿಕೆಗಳಿಗೇನೂ ಬರವಿಲ್ಲ. ಚರಕಸಂಹಿತೆ ನಾಲ್ಕು ಮೇಧ್ಯ ರಸಾಯನಗಳನ್ನು ಹೇಳುತ್ತದೆ: ಒಂದೆಲಗ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಇಂದು ಜಾಹೀರಾತುಗಳಲ್ಲಿ ಮೆರೆಯುವ ಅಶ್ವಗಂಧ ಆ ನಾಲ್ಕರಲ್ಲಿ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಇನ್ನು ಅರಿಶಿನಕ್ಕೆ ಬಂದ ಕೀರ್ತಿಯ ಹಿಂದೆ ಹರಿಯಾಣದ ಬಲ್ಲಭಗಢವಿದೆ. ಅಲ್ಲಿನ ಹಳ್ಳಿಗಳಲ್ಲಿ ಅಲ್ಝೈಮರ್ಸ್ ತೀರಾ ಕಡಿಮೆ ಎಂದು 2001ರಲ್ಲಿ ವಿಜಯ್ ಚಂದ್ರ ಮತ್ತು ಸಂಗಡಿಗರು ವರದಿ ಮಾಡಿದಾಗ, ಸಾರಿಗೆ ಹಾಕುವ ಅರಿಶಿನವೇ ಕಾರಣವಿರಬೇಕೆಂಬ ಊಹೆ ಹರಡಿತು. ಆದರೆ ಅರಿಶಿನದ ಸತ್ವವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ರೋಗಿಗಳಿಗೆ 24 ವಾರ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದಲ್ಲೂ ಪ್ರಯೋಜನ ಕಾಣಲಿಲ್ಲ.

ಗಿಂಕ್ಗೊ ಎಲೆಯ ಸಾರದ್ದು ಇನ್ನೂ ದೊಡ್ಡ ಪಾಠ. 75 ದಾಟಿದ 3,069 ಜನರನ್ನು ಸುಮಾರು ಆರು ವರ್ಷ ಹಿಂಬಾಲಿಸಿದ ಅಮೆರಿಕದ ಪ್ರಯೋಗದ ಫಲಿತಾಂಶ 2008ರಲ್ಲಿ ಹೊರಬಂತು. ಎಲೆಯ ಸಾರ ತಿಂದವರಿಗೂ ಬರಿಯ ಹುಸಿಗುಳಿಗೆ ತಿಂದವರಿಗೂ ಮರೆಗುಳಿತನ ಬರುವುದರಲ್ಲಿ ವ್ಯತ್ಯಾಸವೇ ಇರಲಿಲ್ಲ.

ಇಂಥ ಹಿನ್ನೆಲೆಯಲ್ಲಿ 2012ರಲ್ಲಿ ಅಶ್ವಗಂಧದ ಸುದ್ದಿ ಬಂತು. ಬಯಲುಸೀಮೆಯ ಒಣನೆಲದಲ್ಲೂ ಬೆಳೆಯುವ ಈ ಗಿಡಕ್ಕೆ ಹಿರೇಮದ್ದು ಎಂಬ ಹೆಸರೂ ಇದೆ. ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಅದರ ಬೇರಿನ ಸಾರವನ್ನು ಅಲ್ಝೈಮರ್ಸ್ ಬರುವಂತೆ ಮಾರ್ಪಡಿಸಿದ ಇಲಿಗಳಿಗೆ 30 ದಿನ ಕೊಟ್ಟಿತು. ಇಲಿಗಳ ನಡವಳಿಕೆ ಸುಧಾರಿಸಿತು, ಈ ರೋಗದಲ್ಲಿ ಮಿದುಳಿನಲ್ಲಿ ಕಟ್ಟುವ ಅಮೈಲಾಯ್ಡ್ ಎಂಬ ಪ್ರೋಟೀನ್ ಕರಗಿತು. ನಿಜವಾದ ಅಚ್ಚರಿ ಇದ್ದದ್ದು ಅದು ನಡೆದ ರೀತಿಯಲ್ಲಿ. ಮದ್ದು ಕೆಲಸ ಮಾಡಿದ್ದು ಯಕೃತ್ತಿನಲ್ಲಿ. ಅಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನ್ ಹೆಚ್ಚಿತು. ಕೆಳಗಿನ ತೂಬು ಎತ್ತಿದರೆ ಮೇಲಿನ ಕೆರೆ ಇಳಿಯುವಂತೆ, ಅಮೈಲಾಯ್ಡ್ ಮಿದುಳಿನಿಂದ ರಕ್ತಕ್ಕೆ ಹರಿಯಿತು. ಯಕೃತ್ತಿನಲ್ಲಿ ಆ ಪ್ರೋಟೀನನ್ನು ತಗ್ಗಿಸಿದಾಗ ಮದ್ದಿನ ಗುಣವೂ ಮಾಯವಾಯಿತು.

ಇಲಿ ವಾಸಿಯಾದಷ್ಟು ಸುಲಭವಾಗಿ ಮನುಷ್ಯ ವಾಸಿಯಾಗುವುದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೆನಪು ಅಲ್ಪಸ್ವಲ್ಪ ಕುಂದಿದ 50 ಜನರಿಗೆ ಎಂಟು ವಾರ ಅಶ್ವಗಂಧದ ಸಾರ ಅಥವಾ ಹುಸಿಗುಳಿಗೆ ಕೊಟ್ಟಾಗ, ಸಾರ ತಿಂದವರಲ್ಲಿ ಸುಧಾರಣೆ ಕಂಡಿತು. ಸಂತೋಷ, ಆದರೆ ವರ್ಷಗಟ್ಟಲೆ ಬೆಳೆಯುವ ರೋಗಕ್ಕೆ ಎಂಟು ವಾರ ಯಾವ ಲೆಕ್ಕ? ಈ ನಡುವೆ ಅಶ್ವಗಂಧದ ಗುಳಿಗೆ ತಿಂದ ಕೆಲವರಿಗೆ ಕಾಮಾಲೆಯಂಥ ಯಕೃತ್ತಿನ ತೊಂದರೆ ಬಂದ ವರದಿಗಳು ಭಾರತವೂ ಸೇರಿ ಹಲವು ದೇಶಗಳಿಂದ ಬಂದಿವೆ. ‘ಬೇರು ತಾನೆ, ಏನಾಗುತ್ತೆ’ ಎನ್ನುವವರು ಇದನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.

ಅದೇ ವಿಜಯಲಕ್ಷ್ಮಿ ಅವರು ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾದರು. ಕೇಂದ್ರ ಆರಿಸಿಕೊಂಡ ಕ್ಷೇತ್ರ ಕೋಲಾರ ಜಿಲ್ಲೆಯ ಮಾವಿನ ಊರು ಶ್ರೀನಿವಾಸಪುರ. 2018ರಲ್ಲಿ ಆರಂಭವಾದ ‘ಸ್ಯಾನ್ಸ್‌ಕಾಗ್’ ಅಧ್ಯಯನದ ಗುರಿ, ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಳ ಕಾಲ ಹಿಂಬಾಲಿಸುವುದು. ಇಲ್ಲಿ ಯಾರಿಗೂ ಮದ್ದು ಕೊಡುವುದಿಲ್ಲ. ರಕ್ತ, ವಂಶವಾಹಿ, ಎಂಆರ್‌ಐ, ನೆನಪಿನ ಪರೀಕ್ಷೆ, ಇವಷ್ಟೇ. ನೆನಪಿನ ಪರೀಕ್ಷೆಯೇ ಒಂದು ದೊಡ್ಡ ಕೆಲಸ: ಶಾಲೆಗೆ ಹೋಗದ, ಮನೆಯಲ್ಲಿ ತೆಲುಗು ಪೇಟೆಯಲ್ಲಿ ಕನ್ನಡ ಆಡುವ ರೈತರ ಬುದ್ಧಿಯನ್ನು ಪಾಶ್ಚಾತ್ಯರ ಪೆನ್ಸಿಲ್ ಕಾಗದದ ಪ್ರಶ್ನೆಗಳಿಂದ ಅಳೆಯಲಾಗದು.

ಇಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಗೊತ್ತೇ ಆಗದೆ ಉಳಿದಿದ್ದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬಿನ ಏರುಪೇರು. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ಸುಮ್ಮನಾಗುವ ಮರೆವಿಗೆ ಇವೂ ದಾರಿ ಮಾಡಿಕೊಡುತ್ತವೆ. ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿತನವಿದೆ ಎಂಬುದು 2023ರ ಅಂದಾಜು. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಬಲ್ಲಭಗಢದಿಂದ ಹುಟ್ಟಿದ ಅರಿಶಿನದ ಭರವಸೆಗೆ ಇದು ಒಗ್ಗುವುದಿಲ್ಲ.

ಹಿರೇಮದ್ದಿನ ಸಾರವನ್ನು ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷಿಸಬೇಕಾದರೆ ಯಾರ ಮಿದುಳಿನಲ್ಲಿ ಅಮೈಲಾಯ್ಡ್ ಕಟ್ಟುತ್ತಿದೆ, ಯಾರ ಮರೆವಿಗೆ ರಕ್ತನಾಳದ ತೊಂದರೆ ಮೂಲ ಎಂದು ಮೊದಲೇ ಬೇರ್ಪಡಿಸಬೇಕು. ಪ್ರತಿ ಗುಳಿಗೆಯಲ್ಲೂ ಬೇರಿನ ಸತ್ವವಾದ ವಿಥನೊಲೈಡ್ ಪ್ರಮಾಣ ಒಂದೇ ಇರಬೇಕು, ಯಕೃತ್ತಿನ ಪರೀಕ್ಷೆ ತಪ್ಪಬಾರದು, ವರ್ಷಗಟ್ಟಲೆ ಕಾಯುವ ತಾಳ್ಮೆಯೂ ಬೇಕು. ಮೊದಲನೆಯ ಕೆಲಸಕ್ಕೆ ಬೇಕಾದ ಮಾಹಿತಿಯಂತೂ ಶ್ರೀನಿವಾಸಪುರದ ಹಳ್ಳಿಗಳಿಂದ ಬೆಂಗಳೂರಿಗೆ ಬರುತ್ತಿದೆ.